ಸೊಂಟದಿಂದ ಕಿವಿಗೆ

ಸ್ಕಾಟ್ಸ್‌ಬ್ಲಫ್‌ನಲ್ಲಿ ಅಕ್ಟೋಬರ್ ಎಂದರೆ ವಾಸನೆ.
ಸಕ್ಕರೆ ಕಾರ್ಖಾನೆ ಬೀಟ್‌ಗೆಡ್ಡೆ ಬೇಯಿಸತೊಡಗಿದ ಮೇಲೆ
ಬಟ್ಟೆ ಎಷ್ಟು ಒಗೆದರೂ ಅಷ್ಟೇ.
ಆ ವಾಸನೆಯೊಳಗೆ, ಏಣಿಯ ತುದಿಯಲ್ಲಿ
ಫೋನು ಹಿಡಿದು ಕೂತಿರುತ್ತೇನೆ.
ಬೆಳಗ್ಗೆ ಮಕ್ಕಳಿಗೆ ರೇಖಾಗಣಿತ, ಸಂಜೆ ಇದು:
ನಮ್ಮ ಕ್ವಾರ್ಟರ್‌ಬ್ಯಾಕ್ ಆನ್ಸೆಲ್ ಕ್ರೌಸ್ ಚೆಂಡೆಸೆಯುವುದನ್ನು
ಸೆಕೆಂಡಿಗೆ ಅರವತ್ತು ತುಂಡು ಮಾಡುವುದು.

ಬಲಗೈಯಲ್ಲಿ ಚೆಂಡು. ಎದೆಯ ಮಟ್ಟ. ಸರಿ.
ಆಮೇಲೆ ಕೈ ಕೆಳಗಿಳಿಯುತ್ತದೆ,
ಸೊಂಟದ ಹತ್ತಿರ ಏನೋ ಮರೆತುಬಂದವನ ಹಾಗೆ
ತಡಕಿ, ಹಿಂದಕ್ಕೆ ಸುತ್ತಿ,
ಕಿವಿಯ ಪಕ್ಕಕ್ಕೆ ಏರಿ, ಅಂತೂ ಬಿಡುಗಡೆ.
ಮೂವತ್ತಮೂರು ಫ್ರೇಮು.
ಇಪ್ಪತ್ತನಾಲ್ಕರಲ್ಲಿ ಮುಗಿಯಬೇಕಾದದ್ದು.
ಹೆಚ್ಚಿನ ಒಂಬತ್ತರಲ್ಲಿ
ನೂರು ಕಿಲೋದ ಎದುರಾಳಿ ಇನ್ನೊಂದು ಹೆಜ್ಜೆ ಹಾಕುತ್ತಾನೆ.
ಪಕ್ಕೆಲುಬಿಗೆ ಅಷ್ಟು ಸಾಕು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?
ಬೇಲಿಗೆ ಒರಗಿ ನಿಂತ ನಿವೃತ್ತರ ಮಾತು ಇದೇ,
ಕಾಫಿ ಲೋಟ ಹಿಡಿದವರು, ಎಲ್ಲ ಬಲ್ಲವರು.
ಹದಿನಾರು ಗಿಡವೋ, ಮರವೋ?
ಯಾರಾದರೂ ಉಗುರಲ್ಲಿ ಗೀರಿ ನೋಡಿದ್ದೀರಾ?

ಕೋಚ್ ಮಲ್ಡೊನಾಡೊ ಸೂರ್ಯಕಾಂತಿ ಸಿಪ್ಪೆ ಉಗುಳುತ್ತಾರೆ,
ಉತ್ತರ ಕೊಡುವುದಿಲ್ಲ.
ಜುಲೈಯಿಂದ ಅವರದು ಒಂದೇ ಪಾಠ:
ಮಂಡಿಯೂರಿ ಎಸೆ.
ಚೆಂಡಿಲ್ಲದೆ ಎಸೆ, ಬರೀ ಗಾಳಿ ಎಸೆ.
ಗೋಡೆಗೆ ಬೆನ್ನು ಹಚ್ಚಿ ಎಸೆ,
ಕೈ ಹಿಂದೆ ಸುತ್ತಿದರೆ ಗೆಣ್ಣು ತರಚಲಿ.
ತರಚಿತು. ಗೋಡೆಯ ಮೇಲೆ ಈಗಲೂ ಒಂದು ಕಂದು ಗೀಟು.
ಆಗಸ್ಟ್ ಮುಗಿಯುವಾಗ ಇಪ್ಪತ್ತೈದು!
ಏಣಿಯ ಮೇಲಿಂದ ಕೂಗಿದೆ, ಹರಾಜು ಕೂಗುವವಳ ಹಾಗೆ.
ಆನ್ಸೆಲ್ ನಗಲಿಲ್ಲ.
"ಇದು ಯಾರದೋ ಕೈ, ಮಿಸ್," ಎಂದ.
"ಬಾಡಿಗೆ ಬೂಟು ಹಾಕಿಕೊಂಡ ಹಾಗಿದೆ."

ಅವನ ಅಣ್ಣ ರಡಿ ಒಂದು ಸಂಜೆ ಲಾರಿ ನಿಲ್ಲಿಸಿ,
ಹೊಲದ ಮಣ್ಣು ಮೆತ್ತಿದ ಕಾಲಲ್ಲೇ ಬಂದು ಹೇಳಿದ:
"ಅವನಿಗೆ ಆಗ ಐದು. ನಮಗೆ ಆಟಕ್ಕೆ ಒಬ್ಬ ಕಡಿಮೆ.
ಇದ್ದದ್ದು ದೊಡ್ಡವರ ಚೆಂಡು,
ಅವನ ಅಂಗೈಯಲ್ಲಿ ನಿಲ್ಲುತ್ತಲೇ ಇರಲಿಲ್ಲ.
ಸೊಂಟಕ್ಕಿಳಿಸಿ, ಮೈಯೆಲ್ಲ ತಿರುಚಿ,
ಕವಣೆ ಬೀಸಿದ ಹಾಗೆ ಬೀಸುತ್ತಿದ್ದ.
ತಲುಪುತ್ತಿತ್ತು.
ತಲುಪದಿದ್ದರೆ ನಾವು ಸೇರಿಸಿಕೊಳ್ಳುತ್ತಿರಲಿಲ್ಲ."

ಆ ರಾತ್ರಿ ವಿಡಿಯೊ ಮತ್ತೆ ನೋಡಿದೆ.
ತಪ್ಪೆಂದು ನಾವು ಕೆಂಪು ಗೀಟೆಳೆದ ಒಂಬತ್ತು ಫ್ರೇಮಿನಲ್ಲಿ
ಐದು ವರ್ಷದ ಹುಡುಗನೊಬ್ಬ
ತನ್ನ ಲೆಕ್ಕ ತಾನೇ ಬಿಡಿಸಿದ್ದ.
ಉತ್ತರ ಸರಿಯಿತ್ತು.
ಪ್ರಶ್ನೆ ಬದಲಾಗಿದೆ, ಅಷ್ಟೆ.
ಕೈಗೆ ಯಾರೂ ತಿಳಿಸಿಲ್ಲ.

ಕೋಚ್‌ಗೆ ಹೇಳಿದೆ. ಬಹಳ ಹೊತ್ತು ಅಗಿದರು.
"ನನಗೂ ಕಲಿಸಲು ಬರುವುದು ಒಂದೇ ರೀತಿ," ಎಂದರು.
"ಅದನ್ನು ತಿದ್ದುವವರು ಯಾರು?"

ಶುಕ್ರವಾರ, ಅಲಯನ್ಸ್‌ನಲ್ಲಿ ಪಂದ್ಯ, ಹಾಳು ಗಾಳಿ,
ಮೂರನೆಯ ಕ್ವಾರ್ಟರ್.
ಎಡಗಡೆಯಿಂದ ಒಬ್ಬ ತಪ್ಪಿಸಿಕೊಂಡು ನುಗ್ಗಿದ.
ಯೋಚಿಸಲು ಹೊತ್ತಿಲ್ಲದಾಗ ಯಾವ ಕೈ ಬರುತ್ತದೆ?
ಕೈ ಇಳಿಯಿತು.
ಸೊಂಟದವರೆಗೆ ಹೋಗಲಿಲ್ಲ.
ಪಕ್ಕೆಯ ಬಳಿ, ಗುರುತಿಲ್ಲದ ಊರಿನ ಬಸ್‌ಸ್ಟ್ಯಾಂಡಲ್ಲಿ
ಇಳಿದವನ ಹಾಗೆ ಒಂದು ಗಳಿಗೆ ನಿಂತು
ಮೇಲೆದ್ದಿತು.
ಎಸೆದವನು ನೆಲಕ್ಕೆ.
ಚೆಂಡು ಓಲಾಡುತ್ತ ಹೋಗಿ
ಹಿಡಿಯಬೇಕಾದವನ ಬೆರಳ ತುದಿಗೆ ತಾಗಿ ಹುಲ್ಲಿಗೆ.
ಇಪ್ಪತ್ತೆಂಟು.
ಕೋಚ್ ಪುಸ್ತಕದಲ್ಲಿ ಬರೆದುಕೊಂಡರು.
ಮುಖ ನೋಡಿದರೆ ಹಿಗ್ಗೋ ಬೇಸರವೋ ತಿಳಿಯುವಂತಿರಲಿಲ್ಲ.

ವಾಪಸು ಬಸ್ಸಿನಲ್ಲಿ ಎಲ್ಲರಿಗೂ ನಿದ್ದೆ.
ನೋವಿನ ಮುಲಾಮಿನ ಘಾಟು,
ಊರು ಹತ್ತಿರವಾದಂತೆ ಮತ್ತೆ ಬೀಟ್.
ಮುಂದಿನ ಸೀಟಿನಲ್ಲಿ ಆನ್ಸೆಲ್‌ನ ಬಲಗೈ
ನಿದ್ದೆಯಲ್ಲೇ ಒಮ್ಮೆ ಅದುರಿತು,
ಏನನ್ನೋ ಎಸೆಯುತ್ತಿತ್ತು, ಯಾರಿಗೋ.
ಸೊಂಟದಿಂದಲೋ, ಕಿವಿಯ ಪಕ್ಕದಿಂದಲೋ
ಕತ್ತಲಲ್ಲಿ ಕಾಣಲಿಲ್ಲ.
ಫೋನು ಚೀಲದಲ್ಲಿತ್ತು.
ತೆಗೆಯಲಿಲ್ಲ.